ಲಿಫ್ಟ್, ಎಸ್ಕಲೇಟರ್ ತಪಾಸಣೆ ಮತ್ತು ಲೈಸೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಲಿಫ್ಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದು ಕೆಲವು ವರ್ಷಗಳಾದವು. ಅಕ್ಕಪಕ್ಕದ ಕಟ್ಟಡದವರು, ನೆಂಟರು, ಹೊಸದಾಗಿ ಫ್ಲ್ಯಾಟ್ ಕೊಂಡವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದು ಮುಖ್ಯವಾಗಿ ಕರ್ನಾಟಕದ ವಿಷಯ.

ನಮ್ಮದು ನಾಲ್ಕು ಮಹಡಿಯ ಚಿಕ್ಕ ಕಟ್ಟಡ. ಲಿಫ್ಟಿಗೆ ಸರ್ಕಾರದ ಲೈಸೆನ್ಸ್ ಬೇಕೇ ಬೇಕಾ?

ಬೇಕು. ಕರ್ನಾಟಕದಲ್ಲಿ 1974ರಿಂದಲೇ ಲಿಫ್ಟಿಗೆ ಪ್ರತ್ಯೇಕ ಕಾಯ್ದೆ ಇತ್ತು. ಆಮೇಲೆ ಎಸ್ಕಲೇಟರ್‌ಗಳು ಬಂದವು, ವಿಮಾನ ನಿಲ್ದಾಣದಲ್ಲಿ ಕಾಣುವಂಥ ಚಲಿಸುವ ನೆಲಪಟ್ಟಿಗಳು ಬಂದವು. ಎಲ್ಲವನ್ನೂ ಸೇರಿಸಿ 2012ರಲ್ಲಿ ಹೊಸ ಕಾಯ್ದೆ ಮಾಡಿದರು. ಅದರ ನಿಯಮಗಳು 2015ರಲ್ಲಿ ಬಂದವು.

ಇದರಲ್ಲಿ ಎರಡು ಹಂತ ಇದೆ. ಲಿಫ್ಟ್ ಕೂರಿಸುವ ಮೊದಲು ಅನುಮತಿ ಪಡೆಯಬೇಕು. ಕೂರಿಸಿದ ಮೇಲೆ ತಪಾಸಣೆ ಮಾಡಿಸಿ, ಓಡಿಸುವುದಕ್ಕೆ ಲೈಸೆನ್ಸ್ ಪಡೆಯಬೇಕು. ಮೊದಲನೆಯದು ಸಿಕ್ಕಿದೆ ಎಂದು ಎರಡನೆಯದನ್ನು ಮರೆತವರು ಬೇಕಾದಷ್ಟು ಜನ ಇದ್ದಾರೆ. ಲೈಸೆನ್ಸಿನ ಮೇಲೆ ಅವಧಿ ಬರೆದಿರುತ್ತದೆ. ಅದು ಮುಗಿಯುವ ಎರಡು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇದನ್ನು ನೋಡುವುದು ಪಾಲಿಕೆಯವರು ಅಲ್ವಾ?

ಅಲ್ಲ. ಇಂಧನ ಇಲಾಖೆಯ ಕೆಳಗೆ ಬರುವ ವಿದ್ಯುತ್ ಪರಿವೀಕ್ಷಣಾಲಯ ನೋಡುತ್ತದೆ. ಟ್ರಾನ್ಸ್‌ಫಾರ್ಮರ್, ಜನರೇಟರ್ ತಪಾಸಣೆಗೆ ಬರುವುದು ಕೂಡ ಇದೇ ಇಲಾಖೆ. ಬೆಸ್ಕಾಂ ಕಚೇರಿಗೆ ಹೋಗಿ ಲಿಫ್ಟ್ ಲೈಸೆನ್ಸ್ ಕೇಳಿದರೆ ನಿಮ್ಮ ಅರ್ಧ ದಿನ ವ್ಯರ್ಥ.

ಪುಣೆಯಲ್ಲಿ, ಚೆನ್ನೈಯಲ್ಲಿ ಇರುವ ನಮ್ಮವರಿಗೂ ಇದೇ ನಿಯಮವಾ?

ದೇಶಕ್ಕೆಲ್ಲ ಒಂದೇ ಲಿಫ್ಟ್ ಕಾಯ್ದೆ ಇಲ್ಲ. ಒಂದೊಂದು ರಾಜ್ಯದ್ದು ಒಂದೊಂದು. ಮುಂಬಯಿಯಲ್ಲಿ 1939ರಲ್ಲೇ ಕಾಯ್ದೆ ಬಂತು. ಮಹಾರಾಷ್ಟ್ರ ಅದರ ಜಾಗಕ್ಕೆ 2017ರಲ್ಲಿ ಹೊಸದನ್ನು ತಂದಿತು. ತಮಿಳುನಾಡಿನದು 1997ರದು, ಕೇರಳದ್ದು 2013ರದು. ಉತ್ತರ ಪ್ರದೇಶಕ್ಕೆ ಬಂದದ್ದು 2024ರಲ್ಲಿ. ಅಷ್ಟೊಂದು ಎತ್ತರದ ಕಟ್ಟಡಗಳಿರುವ ನೋಯ್ಡಾದಲ್ಲಿ ಅಲ್ಲಿಯವರೆಗೂ ಲಿಫ್ಟಿಗೆಂದೇ ಕಾಯ್ದೆ ಇರಲಿಲ್ಲ ಎಂದರೆ ನನಗೆ ಇವತ್ತಿಗೂ ಬೇಸರ ಆಗುತ್ತದೆ.

ತಾಂತ್ರಿಕ ಮಾನದಂಡ ಮಾತ್ರ ದೇಶಕ್ಕೆಲ್ಲ ಸೇರಿ ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 14665 ತುಂಬಾ ವರ್ಷಗಳಿಂದ ಬಳಕೆಯಲ್ಲಿತ್ತು. 2022ರಲ್ಲಿ ಐಎಸ್ 17900 ಬಂತು. ಹೊಸ ಲಿಫ್ಟ್ ಕೊಳ್ಳುವವರು ಕೊಟೇಶನ್‌ನಲ್ಲಿ ಯಾವ ಮಾನದಂಡ ಬರೆದಿದ್ದಾರೆ ಎಂದು ಕೇಳಿ ನೋಡಿ.

ಇನ್‌ಸ್ಪೆಕ್ಟರ್ ಬಂದಾಗ ಏನೇನು ನೋಡುತ್ತಾರೆ?

ಮೊದಲ ಸಲ ತಪಾಸಣೆಗೆ ಜೊತೆಯಲ್ಲಿ ನಿಂತಾಗ ನನಗೆ ಆಶ್ಚರ್ಯ ಆಗಿತ್ತು. ನಾವು ದಿನಾ ನೋಡುವ ಲಿಫ್ಟ್ ಬರೀ ಒಂದು ಪೆಟ್ಟಿಗೆ. ಅಸಲಿ ಲಿಫ್ಟ್ ಇರುವುದು ಅದರ ಮೇಲೆ, ಕೆಳಗೆ, ಪಕ್ಕದಲ್ಲಿ.

ಮೇಲೆ ಮಷೀನ್ ರೂಮ್ ಇದ್ದರೆ ಅಲ್ಲಿಂದ ಶುರು. ಮೋಟಾರು, ಬ್ರೇಕು, ಉಕ್ಕಿನ ಹಗ್ಗಗಳು, ಹಗ್ಗ ಕೂರುವ ಚಕ್ರದ ತೋಡು ಸವೆದಿದೆಯೇ ಎಂದು ನೋಡುತ್ತಾರೆ. ಹಗ್ಗದಲ್ಲಿ ತುಂಡಾದ ಎಳೆಗಳಿದ್ದರೆ, ಹಗ್ಗ ತೆಳ್ಳಗಾಗಿದ್ದರೆ, ಕೆಂಪು ಪುಡಿ ಉದುರುತ್ತಿದ್ದರೆ ಬದಲಾಯಿಸಬೇಕು. ಅರ್ತಿಂಗ್, ಮೇನ್ ಸ್ವಿಚ್, ಕಂಟ್ರೋಲ್ ಪ್ಯಾನೆಲ್ ನೋಡುತ್ತಾರೆ. ಮಷೀನ್ ರೂಮಿನಲ್ಲಿ ಹಳೇ ಕುರ್ಚಿ, ಪೇಂಟ್ ಡಬ್ಬ, ದೀಪಾವಳಿಯ ಸೀರಿಯಲ್ ಸೆಟ್ ತುಂಬಿಸಿಟ್ಟಿದ್ದರೆ ಬೈಸಿಕೊಳ್ಳುವುದು ಖಂಡಿತ. ಬೈಯಲೇಬೇಕು ಕೂಡ. ಅಲ್ಲಿ ಬೆಂಕಿ ಹತ್ತಿದರೆ ಹೊಗೆ ಲಿಫ್ಟ್ ಓಡಾಡುವ ಬಾವಿಗೆ ಇಳಿಯುತ್ತದೆ.

ಆಮೇಲೆ ಪೆಟ್ಟಿಗೆಯ ಮೇಲೆ ಹತ್ತಿ ನಿಧಾನವಾಗಿ ಇಳಿಯುತ್ತಾ ಪ್ರತಿ ಮಹಡಿಯ ಬಾಗಿಲಿನ ಲಾಕ್ ನೋಡುತ್ತಾರೆ. ಕೆಳಗಿನ ಗುಂಡಿಯಲ್ಲಿ ನೀರು, ಕಸ ಇದೆಯೇ, ಬಫರ್ (ಪೆಟ್ಟಿಗೆ ತಳಕ್ಕೆ ಬಡಿದರೆ ಪೆಟ್ಟು ತಡೆಯುವ ಸಾಧನ) ಸರಿಯಿದೆಯೇ, ಅಲ್ಲಿನ ಸ್ಟಾಪ್ ಸ್ವಿಚ್ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಾರೆ. ಪೆಟ್ಟಿಗೆಯ ಒಳಗೆ ಅಲಾರಂ, ಇಂಟರ್‌ಕಾಮ್, ಎಮರ್ಜೆನ್ಸಿ ಲೈಟ್, ಓವರ್‌ಲೋಡ್ ಬಝರ್ ಪರೀಕ್ಷೆ ಆಗುತ್ತದೆ. ಹೊಸ ಲಿಫ್ಟಾದರೆ ತೂಕ ಹಾಕಿ ಬ್ರೇಕ್ ಪರೀಕ್ಷೆ ಇರುತ್ತದೆ. ಹೆಚ್ಚು ಕಡೆ ಬಳಸುವ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಗರಿಷ್ಠ ತೂಕದ 125% ಭಾರ ಹೊತ್ತು ಪೂರ್ತಿ ವೇಗದಲ್ಲಿ ಇಳಿಯುವಾಗಲೂ ಬ್ರೇಕ್ ಒಂದೇ ಲಿಫ್ಟನ್ನು ನಿಲ್ಲಿಸಬೇಕು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಗವರ್ನರ್ ಪರೀಕ್ಷೆ. ಅದರ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಹಗ್ಗ ಹರಿದರೆ ಲಿಫ್ಟ್ ಕೆಳಗೆ ಬೀಳುತ್ತಾ?

ಇದು ಎಲ್ಲರ ಹೆದರಿಕೆ. ನಮ್ಮ ಅಮ್ಮ ಇದೇ ಭಯಕ್ಕೆ ಬಹಳ ವರ್ಷ ಮೆಟ್ಟಿಲು ಹತ್ತುತ್ತಿದ್ದರು.

ಸಾಮಾನ್ಯ ಲಿಫ್ಟಿನಲ್ಲಿ ಮೂರು, ನಾಲ್ಕು, ಕೆಲವು ಕಡೆ ಇನ್ನೂ ಜಾಸ್ತಿ ಹಗ್ಗಗಳಿರುತ್ತವೆ. ಹಗ್ಗಗಳ ಮೇಲೆ ಬೀಳಬಹುದಾದ ಭಾರಕ್ಕಿಂತ ಸುಮಾರು 12 ಪಟ್ಟು ಗಟ್ಟಿ ಇರುವಂತೆ ಅವನ್ನು ಲೆಕ್ಕ ಹಾಕಿ ಆರಿಸುತ್ತಾರೆ. ಎಲ್ಲ ಹಗ್ಗವೂ ಹೋಯಿತು ಎಂದೇ ಇಟ್ಟುಕೊಳ್ಳಿ. ಆಗ ವೇಗ ಮಿತಿ ಮೀರದಂತೆ ಕಾಯುವ ಗವರ್ನರ್ ಎಂಬ ಸಾಧನ ಇದೆ. ಲಿಫ್ಟ್ ತನ್ನ ವೇಗಕ್ಕಿಂತ ಕನಿಷ್ಠ 15% ಜಾಸ್ತಿ ಓಡಿದ ಮೇಲೆ ಅದು ಕಚ್ಚಿಕೊಳ್ಳುತ್ತದೆ. ಕಚ್ಚಿದ ಕೂಡಲೇ ಪೆಟ್ಟಿಗೆಯ ಕೆಳಗಿರುವ ಸೇಫ್ಟಿ ಗೇರ್ ಎರಡೂ ಕಡೆಯ ಉಕ್ಕಿನ ಹಳಿಯನ್ನು ಬಿಗಿಯಾಗಿ ಹಿಡಿದುಕೊಂಡು ಪೆಟ್ಟಿಗೆಯನ್ನು ನಿಲ್ಲಿಸುತ್ತದೆ. ಇದಕ್ಕೆ ಕರೆಂಟ್ ಬೇಡ. 1854ರಲ್ಲಿ ಅಮೆರಿಕದ ಲಿಫ್ಟ್ ತಯಾರಕ ಎಲಿಶಾ ಓಟಿಸ್ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನೇ ವೇದಿಕೆ ಮೇಲೆ ನಿಂತು, ಹಗ್ಗ ಕಡಿಸಿ ತೋರಿಸಿದ್ದು ಇದರ ಮೂಲ ರೂಪವನ್ನೇ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಪೆಟ್ಟಿಗೆಯನ್ನು ತೂಗುವ ಹಗ್ಗಗಳ ಇನ್ನೊಂದು ತುದಿಗೆ ಕೌಂಟರ್‌ವೇಟ್ ಎಂಬ ಎದುರುತೂಕ ಇರುತ್ತದೆ. ಅದರ ತೂಕ ಖಾಲಿ ಪೆಟ್ಟಿಗೆ ಮತ್ತು ಅರ್ಧದಷ್ಟು ಜನರ ತೂಕಕ್ಕೆ ಹತ್ತಿರ ಇರುತ್ತದೆ. ಅಂದರೆ ಒಳಗೆ ಒಬ್ಬರೇ ಇರುವಾಗ ಬ್ರೇಕ್ ಹೋದರೆ ಲಿಫ್ಟ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಹೋಗುತ್ತದೆ! ಅದಕ್ಕೇ ಹೊಸ ಮಾನದಂಡಗಳಲ್ಲಿ ಮೇಲೆ ನುಗ್ಗುವುದನ್ನು ತಡೆಯುವ ವ್ಯವಸ್ಥೆಯನ್ನೂ ಕೇಳುತ್ತಾರೆ.

ಹಾಗಾದರೆ ಲಿಫ್ಟಿನಲ್ಲಿ ಜನ ಸಾಯುವುದು ಹೇಗೆ?

ಬಾಗಿಲಿನಿಂದ. ಈ ಪುಟದಲ್ಲಿ ನೀವು ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪೇಪರಿನಲ್ಲಿ ಬರುವ ಸುದ್ದಿಗಳನ್ನು ಗಮನಿಸಿ. ಬಾಗಿಲು ತೆರೆದಿದೆ, ಲಿಫ್ಟ್ ಇದೆ ಅಂದುಕೊಂಡು ಕಾಲಿಟ್ಟರು, ಲಿಫ್ಟ್ ಬೇರೆ ಮಹಡಿಯಲ್ಲಿತ್ತು, ಗುಂಡಿಗೆ ಬಿದ್ದರು. ಅಥವಾ ಒಳಗೆ ಕಾಲಿಡುವಾಗಲೇ ಲಿಫ್ಟ್ ಹೊರಟಿತು. ಅಥವಾ ನಡುವೆ ನಿಂತ ಲಿಫ್ಟಿನಿಂದ ಹೊರಗೆ ಧುಮುಕಲು ಹೋದರು.

ಸರಿಯಾದ ಲಿಫ್ಟಿನಲ್ಲಿ ಎರಡು ನಿಯಮ ತಪ್ಪುವಂತಿಲ್ಲ. ಒಂದು, ಪೆಟ್ಟಿಗೆ ಆ ಮಹಡಿಯಲ್ಲಿ ಇಲ್ಲದಿದ್ದರೆ ಅಲ್ಲಿನ ಹೊರಬಾಗಿಲು ತೆರೆಯಲೇಬಾರದು. ಎರಡು, ಯಾವ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಡಬಾರದು. ಈ ಎರಡನ್ನೂ ಕಾಯುವುದು ಪ್ರತಿ ಮಹಡಿಯ ಬಾಗಿಲಿನ ಮೇಲಿರುವ ಒಂದು ಲಾಕ್ ಮತ್ತು ಅದರೊಳಗೆ ಕರೆಂಟ್ ಹರಿಯುವ ಸಣ್ಣ ಕಾಂಟ್ಯಾಕ್ಟ್. ಎಲ್ಲ ಮಹಡಿಯ ಕಾಂಟ್ಯಾಕ್ಟ್‌ಗಳೂ ಸರಪಳಿಯ ಹಾಗೆ ಒಂದರ ಹಿಂದೆ ಒಂದು. ಒಂದು ಬಿಟ್ಟರೂ ಲಿಫ್ಟ್ ನಿಲ್ಲುತ್ತದೆ.

ಆ ಕಾಂಟ್ಯಾಕ್ಟ್‌ಗೆ ಧೂಳು ಕೂತರೆ, ಬಾಗಿಲು ಸ್ವಲ್ಪ ಸೊಟ್ಟಗಾದರೆ ಲಿಫ್ಟ್ ಆಗಾಗ ನಿಲ್ಲತೊಡಗುತ್ತದೆ. ಆಗ ಏನಾಗುತ್ತದೆ ಗೊತ್ತಾ? ವಾಟ್ಸಾಪ್ ಗುಂಪಿನಲ್ಲಿ ಗಲಾಟೆ. ಮೇಲಿನ ಮಹಡಿಯವರ ಫೋನ್ ಮೇಲೆ ಫೋನ್. ಹೇಗಾದರೂ ಮಾಡಿ ಓಡಿಸಿ ಎಂದು ಮೆಕ್ಯಾನಿಕ್ ಮೇಲೆ ಒತ್ತಡ. ಬಿಡಿಭಾಗ ಬರುವುದು ನಾಳಿದ್ದು. ಒಂದು ಚೂರು ವೈರ್ ಹಾಕಿ ಆ ಕಾಂಟ್ಯಾಕ್ಟನ್ನು ಶಾರ್ಟ್ ಮಾಡಿದರೆ ಲಿಫ್ಟ್ ತಕ್ಷಣ ಓಡುತ್ತದೆ. ಎಲ್ಲರಿಗೂ ಖುಷಿ. ಆದರೆ ಈಗ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಡುತ್ತದೆ.

ನಮ್ಮ ಕಟ್ಟಡದಲ್ಲೇ ಇದು ಒಮ್ಮೆ ಆಗಿತ್ತು. ಮೂರನೇ ಮಹಡಿಯ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಲಿಫ್ಟ್ ಹೊರಟದ್ದನ್ನು ಹಾಲಿನ ಹುಡುಗ ನೋಡಿ ಬಂದು ಹೇಳಿದ. ಮೇನ್ ಆಫ್ ಮಾಡಿಸಿ, ಬೇರೆ ಮೆಕ್ಯಾನಿಕ್ ಕರೆಸಿ ನೋಡಿದಾಗ ವೈರ್ ಸಿಕ್ಕಿತು. ನಾಲ್ಕು ದಿನ ಲಿಫ್ಟ್ ನಿಲ್ಲಿಸಿದೆವು. ನಾನು ಆ ಮೆಕ್ಯಾನಿಕ್ ಒಬ್ಬನನ್ನೇ ದೂರುವುದಿಲ್ಲ. ಆ ವಾರ ಅವನಿಗೆ ಅತಿ ಹೆಚ್ಚು ಫೋನ್ ಮಾಡಿದವನು ನಾನೇ. ಅದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಲಿಫ್ಟ್ ನಿಂತಿದ್ದರೆ ನಿಂತಿರಲಿ. ವಯಸ್ಸಾದವರಿಗೆ ಔಷಧಿ, ಸಾಮಾನು ನಾವು ಹೊತ್ತು ತಂದು ಕೊಡೋಣ. ಕೀಲು ನೋವಿನವರಿಗೆ ಪ್ರತಿ ಮಹಡಿಯಲ್ಲಿ ಒಂದು ಕುರ್ಚಿ ಇಡೋಣ. ನಾವು ಹಾಗೇ ಮಾಡಿದೆವು.

ಕಂಪನಿಯವರು ಪ್ರತಿ ತಿಂಗಳು ಸರ್ವಿಸ್ ಮಾಡುತ್ತಾರಲ್ಲ, ಮತ್ತೆ ತಪಾಸಣೆ ಯಾಕೆ?

ಸರ್ವಿಸ್ ಮಾಡಿದವರೇ ತಮ್ಮ ಕೆಲಸಕ್ಕೆ ಅಂಕ ಕೊಟ್ಟುಕೊಳ್ಳಬಾರದು, ಅಷ್ಟೆ. ಇನ್ನೊಂದು ಕಣ್ಣು ಬೇಕು. ನಮ್ಮಲ್ಲಿ ಸಿಕ್ಕ ಆ ವೈರ್ ಕೂಡ ಇನ್ನೊಬ್ಬ ಮೆಕ್ಯಾನಿಕ್ ಕಣ್ಣಿಗೇ ಬಿದ್ದದ್ದು.

ಲೈಸೆನ್ಸ್ ಇದೆ ಅಂದರೆ ಲಿಫ್ಟ್ ಸುರಕ್ಷಿತ ಅಂತಲಾ?

ತಪಾಸಣೆ ಮಾಡಿದ ದಿನ ಸರಿ ಇತ್ತು ಎಂದು ಅರ್ಥ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಿದರೂ ಮಾರನೇ ದಿನ ಜ್ವರ ಬರಬಹುದು ಅಲ್ವಾ? ಹಾಗೆ. ಉಳಿದ ದಿನಗಳು ಮೆಕ್ಯಾನಿಕ್ ಕೈಯಲ್ಲಿ, ನಮ್ಮ ಕೈಯಲ್ಲಿ ಇವೆ.

ಅದಕ್ಕೆ ಲಾಗ್ ಬುಕ್ ಇಡಿ. ಮೆಕ್ಯಾನಿಕ್ ಬಂದ ದಿನ, ಸಮಯ, ಏನು ಮಾಡಿದರು, ಏನು ಬದಲಾಯಿಸಿದರು ಎಂದು ಬರೆದು ಸಹಿ ಮಾಡಿಸಿ. "ಜನರಲ್ ಸರ್ವಿಸ್ ಓಕೆ" ಎಂಬ ಒಂದೇ ಸಾಲು ಪ್ರತಿ ತಿಂಗಳು ಇದ್ದರೆ ಯಾರೂ ಏನೂ ನೋಡಿಲ್ಲ ಎಂದು ತಿಳಿಯಿರಿ. ಅವರು ಬಂದಾಗ ಅಸೋಸಿಯೇಷನ್ ಕಡೆಯಿಂದ ಒಬ್ಬರು ಜೊತೆಗಿರಿ. ಪ್ರತಿ ಮಹಡಿಯ ಬಾಗಿಲಿನ ಲಾಕ್ ನೋಡಿದಿರಾ ಎಂದು ಕೇಳಿ. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಕೆಲಸದ ರೀತಿಯೇ ಬದಲಾಗುತ್ತದೆ.

ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಬಿಡಿಭಾಗ ಸೇರಿದ್ದು ತೊಗೊಳ್ಳೋದಾ, ಬರೀ ಸರ್ವಿಸ್ ಸಾಕಾ?

ಹೊಸ ಲಿಫ್ಟಿಗೆ ಬರೀ ಸರ್ವಿಸ್ ಸಾಕಾಗಬಹುದು. ಹಳೆಯದಕ್ಕೆ ಬಿಡಿಭಾಗ ಸೇರಿದ ಒಪ್ಪಂದವೇ ಒಳ್ಳೆಯದು ಎಂದು ನನ್ನ ಅನುಭವ. ಪ್ರತಿ ಸಲ ಬಿಡಿಭಾಗದ ದುಡ್ಡಿಗೆ ಸಭೆ ಕರೆಯಬೇಕಾದರೆ ರಿಪೇರಿ ಮುಂದೆ ಹೋಗುತ್ತದೆ. ಹಾಗೆ ಮುಂದೆ ಹೋದಾಗಲೇ ಶಾರ್ಟ್ ಮಾಡುವ ವೈರ್ ಬರುವುದು. ಒಪ್ಪಂದದಲ್ಲಿ ಹಗ್ಗ, ಕಂಟ್ರೋಲ್ ಪ್ಯಾನೆಲ್, ಬಾಗಿಲಿನ ಭಾಗಗಳು ಸೇರಿವೆಯಾ ಎಂದು ಓದಿ ಸಹಿ ಹಾಕಿ.

"6 ಜನ, 408 ಕೆಜಿ" ಎಂದು ಯಾಕೆ ಬರೆದಿರುತ್ತಾರೆ? 400 ಅಂತ ಯಾಕಿಲ್ಲ?

ನಮ್ಮಲ್ಲಿ ಒಬ್ಬರಿಗೆ 68 ಕೆಜಿ ಎಂದು ಲೆಕ್ಕ. 6 ಜನಕ್ಕೆ 408, 8 ಜನಕ್ಕೆ 544, 13 ಜನಕ್ಕೆ 884. ಯುರೋಪಿನಲ್ಲಿ ಒಬ್ಬರಿಗೆ 75 ಕೆಜಿ ಹಿಡಿಯುತ್ತಾರೆ. ಬಝರ್ ಹೊಡೆದರೆ ಕೊನೆಗೆ ಹತ್ತಿದವರು ಇಳಿಯಬೇಕು. ಒಳಗೆ ಕುಣಿದು, ಜಾಗ ಬದಲಾಯಿಸಿ ಬಝರ್ ನಿಲ್ಲಿಸಲು ನೋಡಬೇಡಿ. ಮನೆ ಬದಲಾಯಿಸುವಾಗ ಬೀರು, ಗ್ರಾನೈಟ್ ಚಪ್ಪಡಿ ಸಾಗಿಸುವವರಿಗೂ ಇದನ್ನು ಹೇಳಿ.

ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು?

ಅಲಾರಂ ಒತ್ತಿ, ಇಂಟರ್‌ಕಾಮ್‌ನಲ್ಲಿ ಮಾತಾಡಿ, ಕೂತುಕೊಳ್ಳಿ. ಉಸಿರು ಕಟ್ಟುವುದಿಲ್ಲ, ಗಾಳಿ ಬರಲು ಸಂದುಗಳಿರುತ್ತವೆ. ಲಿಫ್ಟಿನ ಒಳಗೇ ಇದ್ದಷ್ಟು ಹೊತ್ತು ನೀವು ಕ್ಷೇಮ.

ಅಪಾಯ ಶುರುವಾಗುವುದು ಹೊರಗೆ ಬರಲು ಹೋದಾಗ. ಲಿಫ್ಟ್ ಎರಡು ಮಹಡಿಯ ನಡುವೆ ನಿಂತಿದೆ, ಬಾಗಿಲು ಎಳೆದು ಕೆಳಗಿನ ಮಹಡಿಗೆ ಜಾರಿಕೊಳ್ಳಲು ನೋಡುತ್ತೀರಿ. ಪೆಟ್ಟಿಗೆಯ ತಳಕ್ಕೂ ಮಹಡಿಯ ನೆಲಕ್ಕೂ ನಡುವೆ ಖಾಲಿ ಬಾವಿ ಬಾಯಿ ತೆರೆದಿರುತ್ತದೆ. ಜಾರಿದವರು ಹಿಮ್ಮುಖವಾಗಿ ಅದರೊಳಗೆ ಬೀಳುತ್ತಾರೆ. ಇದನ್ನು ತಡೆಯಲೆಂದೇ ಪೆಟ್ಟಿಗೆಯ ಹೊಸ್ತಿಲ ಕೆಳಗೆ ಸುಮಾರು ಮುಕ್ಕಾಲು ಮೀಟರ್ ಉದ್ದದ ತಗಡು ಇಳಿಬಿಟ್ಟಿರಬೇಕು. ಹಳೆಯ ಲಿಫ್ಟುಗಳಲ್ಲಿ ಅದು ಇಷ್ಟೇ ಇಷ್ಟು ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ನಿಮ್ಮದರಲ್ಲಿ ಇದೆಯಾ ಎಂದು ಮೆಕ್ಯಾನಿಕ್‌ಗೆ ಕೇಳಿ.

ಹೊರಗಿರುವವರಿಗೆ: ಬಾಗಿಲು ತೆರೆಯುವ ತ್ರಿಕೋನ ಕೀ ಸಿಕ್ಕಸಿಕ್ಕವರ ಕೈಯಲ್ಲಿ ಇರಬಾರದು. ತರಬೇತಿ ಇಲ್ಲದ ಸೆಕ್ಯುರಿಟಿಯವರಿಗೆ ಸುಮ್ನೆ ಕೊಟ್ಟು ಕೂರಿಸಬೇಡಿ, ಅದು ಅವರ ಜೀವಕ್ಕೂ ಅಪಾಯ. ಮೊದಲು ಮೇನ್ ಆಫ್ ಮಾಡಬೇಕು. ಕಲಿತವರು ಬ್ರೇಕ್ ನಿಧಾನವಾಗಿ ಬಿಟ್ಟು ಪೆಟ್ಟಿಗೆಯನ್ನು ಮಹಡಿಯ ಮಟ್ಟಕ್ಕೆ ತರಬೇಕು. ಆಮೇಲೆ ಬಾಗಿಲು. ಒಳಗಿರುವವರಿಗೆ ಎದೆನೋವು, ತಲೆಸುತ್ತು ಇದ್ದರೆ ಕಾಯದೆ 112ಕ್ಕೆ ಫೋನ್ ಮಾಡಿ.

ಕರೆಂಟ್ ಹೋದರೆ?

ಎಆರ್‌ಡಿ ಎಂಬ ಬ್ಯಾಟರಿ ಸಾಧನ ಇದ್ದರೆ ಲಿಫ್ಟ್ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆಯುತ್ತದೆ. ಬ್ಯಾಟರಿ ಸತ್ತಿದ್ದರೆ ಅದು ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ ಮೆಕ್ಯಾನಿಕ್ ಎದುರಿಗೇ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ. ಲಿಫ್ಟಿಗೆ ಏನು ಮಾಡಬೇಕು?

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಎಷ್ಟೋ ಬೇಸ್‌ಮೆಂಟ್‌ಗಳು ಮುಳುಗಿದವು. ಜೋರು ಮಳೆ ಶುರುವಾದರೆ ಲಿಫ್ಟನ್ನು ಮೇಲಿನ ಮಹಡಿಗೆ ಕಳಿಸಿ, ಒಳಗೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಮೇನ್ ಆಫ್ ಮಾಡಿಸಿ. ನೀರಿರುವ ಬೇಸ್‌ಮೆಂಟಿಗೆ ಲಿಫ್ಟಿನಲ್ಲಿ ಇಳಿಯಲೇಬೇಡಿ. ಗುಂಡಿಯ ನೀರು ತೆಗೆದ ಮೇಲೂ ಮೆಕ್ಯಾನಿಕ್ ನೋಡದೆ ಮತ್ತೆ ಆನ್ ಮಾಡಬಾರದು. ಅಲ್ಲಿ ಸ್ವಿಚ್‌ಗಳಿವೆ, ವೈರಿಂಗ್ ಇದೆ.

ನಮ್ಮದು ಕೊಲ್ಯಾಪ್ಸಿಬಲ್ ಗೇಟಿನ ಹಳೇ ಲಿಫ್ಟ್. ಇನ್ನೂ ಇಟ್ಟುಕೊಳ್ಳಬಹುದಾ?

ಗಾಂಧಿನಗರ, ಚಿಕ್ಕಪೇಟೆ ಕಡೆಯ ಹಳೇ ಕಟ್ಟಡಗಳಲ್ಲಿ ಇಂಥವು ಇನ್ನೂ ಇವೆ. ಚೆನ್ನಾಗಿ ನೋಡಿಕೊಂಡರೆ ಓಡುತ್ತವೆ. ಆದರೆ ಆ ಸಂದಿಯಲ್ಲಿ ಮಗುವಿನ ಕೈ, ಸೀರೆಯ ಸೆರಗು ತೂರುತ್ತದೆ. ಮಕ್ಕಳಿರುವ ಕಟ್ಟಡದಲ್ಲಿ ಇದು ಬೇಡ ಎಂದೇ ನನ್ನ ಗಟ್ಟಿ ಅಭಿಪ್ರಾಯ. ಇಡೀ ಲಿಫ್ಟ್ ಬದಲಾಯಿಸಲು ದುಡ್ಡಿಲ್ಲದಿದ್ದರೆ ಮೊದಲು ಬಾಗಿಲುಗಳನ್ನು ಬದಲಾಯಿಸಿ. ಒಳಗಿನ ಕನ್ನಡಿ, ಸ್ಟೀಲ್ ಪ್ಯಾನೆಲ್ ಆಮೇಲೆ ನೋಡೋಣ.

ಮಾಲ್, ಮೆಟ್ರೋ ಎಸ್ಕಲೇಟರ್‌ಗಳಿಗೂ ತಪಾಸಣೆ ಇದೆಯಾ?

2012ರ ಕಾಯ್ದೆಯ ಹೆಸರಿನಲ್ಲೇ ಎಸ್ಕಲೇಟರ್ ಇದೆ. ಲಿಫ್ಟಿಗೆ ಬಾಗಿಲು ಹೇಗೋ ಎಸ್ಕಲೇಟರ್‌ಗೆ ಸಂದಿ ಹಾಗೆ. ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿ ಒಂದು ಕಡೆ 4 ಮಿಲಿಮೀಟರ್ ದಾಟಬಾರದು, ಎರಡೂ ಕಡೆ ಕೂಡಿಸಿದರೆ 7 ದಾಟಬಾರದು. ಹತ್ತುವ, ಇಳಿಯುವ ತುದಿಯಲ್ಲಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ಒಂದು ಹಲ್ಲು ಮುರಿದಿದ್ದರೂ ಬದಲಾಯಿಸಬೇಕು. ಕೈಹಿಡಿ ಮೆಟ್ಟಿಲಿನ ಜೊತೆಗೇ ಓಡಬೇಕು. ಹಿಂದೆ ಬಿದ್ದರೆ ಹಿಡಿದುಕೊಂಡ ವಯಸ್ಸಾದವರು ಹಿಂದಕ್ಕೆ ವಾಲುತ್ತಾರೆ.

ಎಸ್ಕಲೇಟರ್‌ನ ಒಳಗಿನ ಸ್ವಚ್ಛತೆಯೂ ಜೀವದ ವಿಷಯವೇ. 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರ್ ಕೆಳಗೆ ಸೇರಿದ್ದ ಗ್ರೀಸು, ಕಸಕ್ಕೆ ಬೆಂಕಿಕಡ್ಡಿಯ ಕಿಡಿ ಬಿದ್ದು 31 ಜನ ಸತ್ತರು. 2015ರ ಜುಲೈನಲ್ಲಿ ಚೀನಾದ ಜಿಂಗ್‌ಝೌ ನಗರದ ಮಳಿಗೆಯೊಂದರಲ್ಲಿ ಎಸ್ಕಲೇಟರ್ ತುದಿಯ ನೆಲದ ತಗಡು ಕುಸಿಯಿತು. ಒಬ್ಬ ತಾಯಿ ಮಗುವನ್ನು ಮುಂದಕ್ಕೆ ತಳ್ಳಿ ಉಳಿಸಿ, ತಾನು ಒಳಗೆ ಬಿದ್ದು ಸತ್ತಳು. ರಿಪೇರಿ ಆದ ಮೇಲೆ ಆ ತಗಡನ್ನು ಸರಿಯಾಗಿ ಬಿಗಿದಿರಲಿಲ್ಲ.

ಮಕ್ಕಳನ್ನು ಎಸ್ಕಲೇಟರ್‌ನಲ್ಲಿ ಕರೆದುಕೊಂಡು ಹೋಗುವಾಗ?

ಕೈ ಹಿಡಿದುಕೊಳ್ಳಿ, ಹಳದಿ ಗೆರೆಯ ಒಳಗೆ ನಿಲ್ಲಿಸಿ. ಮೆತ್ತನೆಯ ರಬ್ಬರ್ ಚಪ್ಪಲಿ ಪಕ್ಕದ ತಗಡಿಗೆ ಉಜ್ಜಿದರೆ ಸಂದಿಗೆ ಎಳೆದುಕೊಳ್ಳುತ್ತದೆ, ಅದರ ಜೊತೆ ಬೆರಳೂ ಹೋಗುತ್ತದೆ. ಪಕ್ಕದಲ್ಲಿರುವ ಬ್ರಷ್ ಶೂ ಪಾಲಿಶ್ ಮಾಡಲು ಇಟ್ಟಿದ್ದಲ್ಲ, ಕಾಲನ್ನು ದೂರ ಇಡಲು ಇಟ್ಟಿದ್ದು. ಸೆರಗು, ದುಪಟ್ಟಾ ಎತ್ತಿ ಹಿಡಿಯಿರಿ. ಮೇಲೂ ಕೆಳಗೂ ಕೆಂಪು ಬಟನ್ ಇರುತ್ತದೆ. ಯಾರದ್ದಾದರೂ ಬಟ್ಟೆ, ಕಾಲು ಸಿಕ್ಕಿಕೊಂಡರೆ "ಹಿಡಕೊಳ್ಳಿ" ಎಂದು ಕೂಗಿ ಅದನ್ನು ಒತ್ತಿ. ಯಾರಾದರೂ ಬೈದಾರು ಎಂದು ಹಿಂಜರಿಯಬೇಡಿ.

ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಹುದಾ?

ಇಲ್ಲ, ಮೆಟ್ಟಿಲೇ. ಎತ್ತರದ ಕಟ್ಟಡಗಳಲ್ಲಿ ಫೈರ್ ಲಿಫ್ಟ್ ಇರುತ್ತದೆ, ಅದು ಅಗ್ನಿಶಾಮಕ ಸಿಬ್ಬಂದಿಗೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಒಂದು ನಿಮಿಷದೊಳಗೆ ಮೇಲಿನ ಮಹಡಿ ತಲುಪಬೇಕು.

ಅಪಘಾತ ಆದರೆ?

ಮೊದಲು ಜೀವ. ಆಮೇಲೆ ಮೇನ್ ಆಫ್ ಮಾಡಿ, ಲಿಫ್ಟನ್ನು ಇದ್ದ ಹಾಗೇ ಬಿಡಿ. ಪೊಲೀಸರಿಗೂ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಕೂಡಲೇ ತಿಳಿಸಿ. ಅವರು ನೋಡಿ ಒಪ್ಪುವ ತನಕ ಓಡಿಸಬೇಡಿ. "ಕಂಪನಿಯವರು ಬಂದು ಸರಿ ಮಾಡಿಬಿಡಲಿ" ಎಂದರೆ ಯಾಕೆ ಆಯಿತು ಎಂಬ ಸಾಕ್ಷಿಯೇ ಅಳಿಸಿಹೋಗುತ್ತದೆ.

ಬಿಲ್ಡರ್ ಲಿಫ್ಟಿನ ಕಾಗದ ಕೊಡುತ್ತಿಲ್ಲ.

ಅಸೋಸಿಯೇಷನ್‌ಗೆ ಹಸ್ತಾಂತರ ಆಗುವ ಮೊದಲೇ ಪಟ್ಟು ಹಿಡಿದು ಕೇಳಿ: ಅನುಮತಿ ಪತ್ರ, ಲೈಸೆನ್ಸ್, ಡ್ರಾಯಿಂಗ್, ಪರೀಕ್ಷಾ ವರದಿ, ವಾರಂಟಿ, ತ್ರಿಕೋನ ಕೀ. ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ, ಪರಿವೀಕ್ಷಣಾಲಯಕ್ಕೂ ಒಂದು ಪತ್ರ ಹಾಕಿ. ಹಸ್ತಾಂತರ ಆದ ಮೇಲೆ ಲೈಸೆನ್ಸನ್ನು ಅಸೋಸಿಯೇಷನ್ ಹೆಸರಿಗೆ ಮಾಡಿಸಿಕೊಳ್ಳಿ.

ನಾನು ಬಾಡಿಗೆಗೆ ಇರುವವನು. ನನ್ನಿಂದ ಏನಾಗುತ್ತದೆ?

ನಮ್ಮಲ್ಲಿ ಆ ವೈರ್ ಪತ್ತೆಯಾದದ್ದು ಹಾಲಿನ ಹುಡುಗನಿಂದ. ನಾಳೆ ಬೆಳಗ್ಗೆ ಲಿಫ್ಟ್ ಹತ್ತುವಾಗ ಮೂರು ವಿಷಯ ಗಮನಿಸಿ. ಎಡವುವಷ್ಟು ಮೇಲೆ ಕೆಳಗೆ ಆಗದೆ ಪೆಟ್ಟಿಗೆಯ ನೆಲ ಮಹಡಿಯ ನೆಲಕ್ಕೆ ಸಮವಾಗಿ ನಿಂತಿತಾ? ಬಾಗಿಲು ಪೂರ್ತಿ ಮುಚ್ಚಿದ ಮೇಲೇ ಹೊರಟಿತಾ? ಇಂಟರ್‌ಕಾಮ್ ಒತ್ತಿದರೆ ಆ ಕಡೆ ಯಾರಾದರೂ ಎತ್ತಿದರಾ? ಒಂದಕ್ಕೆ "ಇಲ್ಲ" ಎಂದು ಬಂದರೂ ಸೆಕ್ಯುರಿಟಿಗೆ ಹೇಳಿ, ಅಸೋಸಿಯೇಷನ್‌ಗೆ ಬರೆದು ಕಳಿಸಿ. ಬಾಗಿಲು ತೆರೆದಿರುವಾಗಲೇ ಲಿಫ್ಟ್ ಹೊರಟಿದ್ದರೆ ಬರೆಯುತ್ತಾ ಕೂರಬೇಡಿ. ಆ ಕ್ಷಣವೇ ಮೇನ್ ಆಫ್ ಮಾಡಿಸಿ, ಪ್ರತಿ ಮಹಡಿಯಲ್ಲೂ ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ ಇಡಿಸಿ.